ಗುಂಡಿ ಒತ್ತಿದ್ರೆ ಮಾತ್ರೆ ನುಂಗಿದ ಹಾಗಾ?

ಸಾಫ್ಟ್‌ವೇರ್ ಬರೆಯೋ ನಮ್ಮ ಜನಕ್ಕೆ ಒಂದು ಗಟ್ಟಿ ನಂಬಿಕೆ. ಶುರುವಿನಲ್ಲಿ ಕಷ್ಟ ಆದ್ರೂ ಪರವಾಗಿಲ್ಲ, ನಾಲ್ಕು ದಿನ ಬಳಸಿದ್ರೆ ಅಭ್ಯಾಸ ಆಗುತ್ತೆ ಅಂತ. ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಇರೋರ ವಿಷಯದಲ್ಲಿ ಈ ನಂಬಿಕೆಯೇ ಬುಡಮೇಲು. ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಸೋರೋದೇ ಹೊಸದನ್ನ ಕಲಿತು ಇಟ್ಕೊಳ್ಳೋ ಶಕ್ತಿ.

ಇದು ನನ್ನ ತಲೆಗೆ ಹತ್ತಿದ್ದು ತೀರ್ಥಹಳ್ಳಿಯ ದೊಡ್ಡಪ್ಪನಿಂದ. ಮೇಷ್ಟ್ರಾಗಿದ್ದವರು. ಹದಿನೇಳರ ಮಗ್ಗಿ ಈಗಲೂ ತಪ್ಪದೆ ಹೇಳ್ತಾರೆ, ಬಿಪಿ ಮಾತ್ರೆ ತಗೊಂಡ್ರಾ ಅಂದ್ರೆ ಮಾತ್ರ ಸುಮ್ನೆ ಮುಖ ನೋಡ್ತಾರೆ. ದೊಡ್ಡಮ್ಮನಿಗೆ ಬೆಳಿಗ್ಗೆ ಕೊಟ್ಟಿಗೆ ಕೆಲಸ. ಹಾಗಾಗಿ ಅಣ್ಣ ಫೋನಿಗೆ ಮಾತ್ರೆ ನೆನಪಿಸೋ ಆಪ್ ಹಾಕಿಕೊಟ್ಟ. ಅದೇನೋ ಹೊತ್ತಿಗೆ ಸರಿಯಾಗಿ ಕೂಗುತ್ತೆ. ಗಲಾಟೆ ನಿಂತ್ರೆ ಸಾಕು ಅಂತ ದೊಡ್ಡಪ್ಪ ಕಣ್ಣಿಗೆ ಬಿದ್ದ ಗುಂಡಿ ಒತ್ತುತ್ತಾರೆ. ಆ ಗುಂಡಿಯೇ 'ತಗೊಂಡಾಯ್ತು' ಅನ್ನೋದು! ಆಪ್ ಲೆಕ್ಕದಲ್ಲಿ ತಿಂಗಳಿಡೀ ಹಸಿರು ಟಿಕ್, ಡಬ್ಬಿಯಲ್ಲಿ ಮಾತ್ರೆ ಹಾಗೇ. ಬೆಂಗಳೂರಲ್ಲಿ ಕೂತ ಮಗನಿಗೆ ಎಲ್ಲ ಸರಿಯಿದೆ ಅನ್ನೋ ನೆಮ್ಮದಿ ಬೇರೆ. ಇದಕ್ಕಿಂತ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ವಾಸಿ ಕಣ್ರೀ, ಸೋಮವಾರದ ಖಾನೆ ತುಂಬಿದ್ರೆ ಸೋಮವಾರದ್ದು ತಗೊಂಡಿಲ್ಲ, ಅಷ್ಟೇ.

2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ 7.4 ಶೇಕಡಾ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಇಷ್ಟು ಜನಕ್ಕೂ ನಾವು ಕೊಡ್ತಿರೋದು ಓಟಿಪಿ! ಮೆಸೇಜ್‌ನಲ್ಲಿ ಆರು ಅಂಕಿ ಓದಿ, ನೆನಪಿಟ್ಟು, ಇನ್ನೊಂದು ಪರದೆಗೆ ಬಂದು, ಟೈಮ್ ಮುಗಿಯೋದ್ರೊಳಗೆ ಒತ್ತಬೇಕು. ಮರೆವಿನವರಿಗೆ ಇದು ಲಾಗಿನ್ ಅಲ್ಲ, ಪರೀಕ್ಷೆ. ತಮಾಷೆಗೆ ಹೇಳ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ. ಒಳಗೆ ಬಿಡೋಕೆ ನೆನಪಿಡು, ನೋಡಿ ಬರಿ ಅನ್ನೋ ಪರೀಕ್ಷೆ ಇಡೋದಾದ್ರೆ ಬೇರೆ ದಾರಿಯೋ ಸಹಾಯವೋ ಕೊಡಿ, ಕಾಪಿ-ಪೇಸ್ಟ್‌ಗಾದ್ರೂ ಬಿಡಿ ಅಂತ. ಒಮ್ಮೆ ಕೊಟ್ಟ ವಿವರವನ್ನ ಅದೇ ಕೆಲಸದ ನಡುವೆ ಮತ್ತೆ ಕೇಳ್ಬೇಡಿ, ಸಹಾಯದ ಕೊಂಡಿ ಪುಟಪುಟಕ್ಕೆ ಜಾಗ ಬದಲಿಸದಿರಲಿ ಅಂತಲೂ ಇದೆ. ಹೊಸ ಡಿಸೈನ್ ಅಂತ ಆರು ತಿಂಗಳಿಗೊಮ್ಮೆ ಗುಂಡಿಗಳನ್ನ ಸ್ಥಳಾಂತರ ಮಾಡೋ ನಮ್ಮ ಚಟಕ್ಕೂ ಯಾರಾದ್ರೂ ಒಂದು ಕಾನೂನು ಮಾಡ್ಬೇಕು :-)

ದೊಡ್ಡಪ್ಪನ ಫೋನಿಂದ ಆ ಆಪ್ ತೆಗೆದೆ. ಅಲಾರಂ ಸದ್ದಿನ ಜಾಗಕ್ಕೆ ದೊಡ್ಡಮ್ಮನ ದನಿ ರೆಕಾರ್ಡ್ ಮಾಡಿ ಹಾಕಿದೆ: "ರೀ, ಟೇಬಲ್ ಮೇಲೆ ಮಾತ್ರೆ ಇಟ್ಟಿದೀನಿ ನೋಡಿ." ಮೊದಲ ದಿನ ಫೋನಿಗೇ "ಬಂದೆ ಕಣೇ" ಅಂತ ಉತ್ತರ ಕೊಟ್ಟು ಎದ್ದು ಹೋದ್ರು. ಎಲ್ಲ ದಿನ ಹೀಗಾಗಲ್ಲ. ಸಂಜೆ ಡಬ್ಬಿ ನೋಡೋ ಕೆಲಸ ದೊಡ್ಡಮ್ಮನಿಗೆ ಇದ್ದೇ ಇದೆ.

ಬಗೆಹರಿಯದೆ ಉಳಿದಿರೋದು ಇನ್ನೊಂದು. ಒಮ್ಮೆ ಪೇಟೆಗೆ ಹೋದವರು ದಾರಿ ತಪ್ಪಿದ ಮೇಲೆ ಅಣ್ಣ ಫೋನಿನಲ್ಲಿ ಲೊಕೇಶನ್ ಕಾಣಿಸೋ ಹಾಗೆ ಮಾಡೋಣ ಅಂದ. ಹೇಳದೇ ಮಾಡೋದು ಬೇಡ, ಅರ್ಥ ಆಗೋ ಹೊತ್ತಿನಲ್ಲೇ ಕೇಳೋಣ ಅಂತ ನಾನು ಹಟ ಹಿಡಿದೆ. ಕೇಳಿದ್ವಿ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ನಾನೇನು ದನವೇನೋ ತಮ್ಮಾ, ಕೊರಳಿಗೆ ಗಂಟೆ ಕಟ್ಟೋಕೆ?" ಅಂದ್ರು. ಈಗ ದೊಡ್ಡಮ್ಮ ದಿನಾ ಅವರ ಅಂಗಿ ಜೇಬಿಗೆ ಫೋನ್ ಹಾಕ್ತಾರೆ, ಅವರು ಹೊರಗೆ ಹೋಗುವಾಗ ಅದನ್ನ ತೆಗೆದು ದಿಂಬಿನ ಕೆಳಗಿಟ್ಟು ಹೋಗ್ತಾರೆ. ಅದನ್ನ ಮಾತ್ರ ಒಂದು ದಿನವೂ ಮರೆತಿಲ್ಲ.