ಶಾರ್ಕುಟರಿ ಹಲಗೆಯ ಹದ

ಫ್ರೆಂಚಿನ ‘ಮಾಂಸ’ ಮತ್ತು ‘ಬೇಯಿಸಿದ್ದು’ ಎಂಬ ಎರಡು ಪದಗಳು ಕೂಡಿ ಹುಟ್ಟಿದ ‘ಶಾರ್ಕುಟರಿ’ ಎಂಬ ಹೆಸರು, ಮುಖ್ಯವಾಗಿ ಹಂದಿಮಾಂಸವನ್ನು ಉಪ್ಪು ಹಚ್ಚಿ, ಒಣಗಿಸಿ ಅಥವಾ ಬೇಯಿಸಿ ಕೆಡದಂತೆ ಇಡುವ ಕಸುಬಿಗೂ ಅದರ ಅಂಗಡಿಗೂ ಸಲ್ಲುತ್ತದೆ. ಇಂದು ಚೀಸು, ದ್ರಾಕ್ಷಿ, ಬಿಸ್ಕತ್ತು ತುಂಬಿದ ಮರದ ಹಲಗೆಗೂ ಇದೇ ಹೆಸರು ಅಂಟಿಕೊಂಡಿದೆಯಾದರೂ, ಫ್ರೆಂಚರ ರೂಢಿಯ ಊಟದಲ್ಲಿ ಚೀಸಿನ ಸರದಿ ಮುಖ್ಯ ಭಕ್ಷ್ಯ ಮುಗಿದ ಮೇಲೆ ಬರುತ್ತದೆ. ಶಾರ್ಕುಟರಿಯಾದರೋ ಮೊದಲಿಗೇ ಬಡಿಸುವಂಥದು.

ಹಲಗೆಯ ಜೋಡಣೆಯಲ್ಲಿ ನೋಟಕ್ಕಿಂತ ಹದವೇ ಮೇಲು. ಬಯೋನ್ ಹ್ಯಾಮ್, ಅಂದರೆ ನೈಋತ್ಯ ಫ್ರಾನ್ಸಿನಲ್ಲಿ ಹಂದಿಯ ಹಿಂತೊಡೆಗೆ ಉಪ್ಪು ತಿಕ್ಕಿ ಕಡಿಮೆಯೆಂದರೆ 7 ತಿಂಗಳು ಮಾಗಿಸಿದ ಮಾಂಸವನ್ನು, ಕೆಳಗಿನ ಮರದ ಗೆರೆ ಮಸುಕಾಗಿ ಕಾಣುವಷ್ಟು ತೆಳ್ಳಗೆ ಹೆಚ್ಚಿ ಸಡಿಲವಾಗಿ ಹರಡಿದರೆ, ಅಂಚಿನ ಬಿಳಿಯ ಕೊಬ್ಬು ಕೋಣೆಯ ಬಿಸುಪಿಗೆ ಮೆತ್ತಗಾಗಿ ಹೊಳೆಯತೊಡಗುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಡಿಸಿದಾಗ ಅದೇ ಕೊಬ್ಬು ಮೇಣದಂತೆ ನಾಲಗೆಗೆ ಅಂಟುತ್ತದೆ, ಪರಿಮಳವೂ ಬಿಚ್ಚಿಕೊಳ್ಳುವುದಿಲ್ಲ. ರಿಯೆತ್, ಅಂದರೆ ಕೊಬ್ಬಿನಲ್ಲೇ ಗಂಟೆಗಟ್ಟಲೆ ಬೆಂದು ಎಳೆಎಳೆಯಾದ ಮಾಂಸವನ್ನು, ಪುಟ್ಟ ಕುಡಿಕೆಯಲ್ಲೇ ಇಡುವುದು ಲೇಸು.

ಇಷ್ಟೊಂದು ಉಪ್ಪು, ಕೊಬ್ಬಿನ ನಡುವೆ ಕಾರ್ನಿಶೋನ್, ಅಂದರೆ ವಿನೆಗರಿನಲ್ಲಿ ನೆನೆದ ಕಿರುಬೆರಳಿನಷ್ಟು ಪುಟ್ಟ ಮಿಡಿಸೌತೆ, ಅಲಂಕಾರಕ್ಕಿರುವುದಲ್ಲ. ಅದರ ಹುಳಿ ಬಾಯಲ್ಲಿ ಉಳಿದ ಜಿಡ್ಡನ್ನು ಕಳೆದು ಮುಂದಿನ ತುತ್ತಿಗೆ ನಾಲಗೆಯನ್ನು ಅಣಿಮಾಡುವುದರಿಂದ, ಅದನ್ನು ಮೂಲೆಗೆ ತಳ್ಳದೆ, ಬೆರಳಿಗೆ ಸುಲಭವಾಗಿ ಸಿಗುವಂತೆ ರಿಯೆತಿನ ಕುಡಿಕೆಯ ಮಗ್ಗುಲಲ್ಲೇ ಇಡಬೇಕು.