ಮುಳ್ಳು ಏರೋದು ಯಾವಾಗ?

ಗಾಡಿ ಬಿಸಿಯಾಗ್ತಿದೆ ಅಂದ ಕೂಡಲೇ ‘ರೇಡಿಯೇಟರ್ ಬದಲಿಸಿ’ ಅನ್ನೋ ಮೆಕ್ಯಾನಿಕ್ ಮೇಲೆ ನನಗೆ ಸ್ವಲ್ಪ ಗುಮಾನಿ. ಮೊದಲು ಕೇಳಬೇಕಾದ್ದು, ಬಿಸಿಯಾಗೋದು ಯಾವಾಗ ಅಂತ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಟೆಂಪರೇಚರ್ ಮುಳ್ಳು ಏರಿ, ಹೈವೇಗೆ ಬಿದ್ದ ಮೇಲೆ ಇಳಿದರೆ ಫ್ಯಾನ್ ಕಡೆ ನೋಡಿ. ಎಷ್ಟೋ ಸಲ ಫ್ಯೂಸೋ ರಿಲೇಯೋ ಹೋಗಿರುತ್ತೆ, ಅಷ್ಟೇ. ಶಿರಾಡಿ ಘಾಟಿ ಹತ್ತುವಾಗ ಮಾತ್ರ ಕುದಿಯುತ್ತೆ ಅಂದ್ರೆ ಕೂಲಂಟ್ ಕಮ್ಮಿಯಾಗಿರಬಹುದು, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸವೆದಿರಬಹುದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಹುಷಾರಾಗಿ ರೇಡಿಯೇಟರ್ ಹೋಸ್‌ಗಳ ಹತ್ತಿರ ಕೈ ಹಿಡಿಯಿರಿ. ಮೇಲಿನದು ಸುಡ್ತಿದೆ, ಕೆಳಗಿನದು ತಣ್ಣಗಿದೆ ಅಂದ್ರೆ ಹೆಚ್ಚಾಗಿ ಥರ್ಮೋಸ್ಟಾಟ್ ತೆರೆದಿಲ್ಲ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಒಳಗೆ ಅದು ತೆರೆಯೋಕೆ ಶುರುವಾಗಬೇಕು. ‘ನಮ್ಮ ಸೆಕೆಗೆ ಅದು ಬೇಡವೇ ಬೇಡ ಸಾರ್’ ಅಂತ ಕಿತ್ತೆಸೆಯೋರೂ ಇದ್ದಾರೆ! ಆಮೇಲೆ ಎಂಜಿನ್ ಸರಿಯಾಗಿ ಕಾಯೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ.

ಎಲ್ಲೂ ಸೋರದೆ ಕೂಲಂಟ್ ಇಳೀತಿದ್ದು, ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಹೆಡ್ ಗ್ಯಾಸ್ಕೆಟ್ ಚೆಕ್ ಮಾಡಿಸಲೇಬೇಕು. ಗ್ಯಾರೇಜಿಗೂ ಓಡಿಸ್ಕೊಂಡು ಹೋಗಬೇಡಿ, ಟೋ ಮಾಡಿಸಿ.