ಡಾಲರಿನ ಸಾಲ, ರೂಪಾಯಿಯ ಲೆಕ್ಕ

ಕಳೆದ ವಾರ ಅಮೆರಿಕದಿಂದ ಮಗ ದೂರವಾಣಿಯಲ್ಲಿ, "ಅಪ್ಪಾ, ಆ ಲೆಕ್ಕವನ್ನು ಇನ್ನೂ ಇಟ್ಟುಕೊಂಡಿದ್ದೀರಾ?" ಎಂದು ನಕ್ಕ. ಗಣಿತದ ಮೇಷ್ಟರ ಮಗ ಕೇಳುವ ಪ್ರಶ್ನೆಯೇ ಇದು!

ಸಂಗತಿ ಹೀಗಿದೆ. 2011ರಲ್ಲಿ ನನ್ನ ಪತ್ನಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಅವನು ಎರಡು ಸಾವಿರ ಡಾಲರ್ ಕಳುಹಿಸಿದ್ದ. ಡಾಲರಿಗೆ ಆಗ ಸುಮಾರು 45 ರೂಪಾಯಿ. ಕೈಗೆ ಬಂದದ್ದು ತೊಂಬತ್ತು ಸಾವಿರ. ಅವನು ಕೊಡುಗೆ ಎಂದ, ನಾನು ಸಾಲ ಎಂದೆ. ಅವನೇ ಗಣಕಯಂತ್ರದಲ್ಲಿ ಹಾಕಿಕೊಟ್ಟಿದ್ದ ಗ್ನೂಕ್ಯಾಶ್ ಎಂಬ ತಂತ್ರಾಂಶದಲ್ಲಿ 'ಮಗನ ಸಾಲ' ಎಂಬ ಖಾತೆಯನ್ನು ತೆರೆದು 2000 ಎಂದು ಬರೆದೆ. ಅದು ಎರಡು ಸಾವಿರ ರೂಪಾಯಿ ಎಂದೇ ತಿಳಿಯಿತು. ಪಾಸ್‌ಬುಕ್ಕಿಗೂ ಪರದೆಗೂ 88,000 ರೂಪಾಯಿಗಳ ಅಂತರ! ಎರಡು ಸಂಜೆ ತಪ್ಪನ್ನು ಹುಡುಕಿದೆ. ಕೂಡುವಿಕೆಯಲ್ಲಿ ತಪ್ಪಿರಲಿಲ್ಲ.

ಆ ತಂತ್ರಾಂಶದಲ್ಲಿ ಪ್ರತಿಯೊಂದು ಖಾತೆಗೂ ಅದರದೇ ನಾಣ್ಯವಿರುತ್ತದೆ. ಖಾತೆ ತೆರೆಯುವಾಗಲೇ ಅದನ್ನು ಆರಿಸಬೇಕು. ಆಯ್ಕೆಗಳ ಪುಟದಲ್ಲಿ ಮೂಲ ನಾಣ್ಯವನ್ನು ಬದಲಿಸಿದರೆ ಅದು ಮುಂದೆ ತೆರೆಯುವ ಖಾತೆಗಳಿಗೆ ಮಾತ್ರ ಅನ್ವಯಿಸುತ್ತದೆ, ಹಳೆಯವು ಹಾಗೆಯೇ ಇರುತ್ತವೆ. ಡಾಲರ್ ಖಾತೆಯಿಂದ ರೂಪಾಯಿ ಖಾತೆಗೆ ಹಣ ವರ್ಗಾಯಿಸಿದಾಗ ವಿನಿಮಯ ದರವನ್ನು ಕೇಳುತ್ತದೆ.

ಇದನ್ನು ತಿಳಿದಾಗ ತಂದೆಯವರ ಖಾತೆಪುಸ್ತಕ ನೆನಪಾಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ಒಂದು ಆಣೆಗೆ ಲೆಕ್ಕದಂತೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲವಾದ್ದರಿಂದ ಆರು ಮಾತ್ರ ಸಿಗುತ್ತಿತ್ತು. ನಾಲ್ಕಾಣೆಗಾದರೋ ಸರಿಯಾಗಿ 25. ಒಂದೊಂದೇ ಆಣೆಯನ್ನು ಬದಲಿಸಿಕೊಂಡವನಿಗೆ ರೂಪಾಯಿಗೆ 96 ಪೈಸೆ! ತಂದೆಯವರು ರೂಪಾಯಿ-ಆಣೆ-ಪೈಗಳ ಹಳೆಯ ಪುಟಗಳನ್ನು ತಿದ್ದಲಿಲ್ಲ. ಹೊಸ ಪುಟದ ತಲೆಯಲ್ಲಿ 'ನ.ಪೈ.' ಎಂದು ಬರೆದು ಮುಂದುವರಿದರು. (ನಮ್ಮ ಪಕ್ಕದ ಹಂಪೆಯ ಕರಣಿಕರ ಪಾಡನ್ನೂ ಊಹಿಸಿ. 1443ರಲ್ಲಿ ಅಲ್ಲಿಗೆ ಬಂದಿದ್ದ ಅಬ್ದುರ್ ರಜಾಕನ ಪ್ರಕಾರ ವರಾಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಪಣ, ಪಣದ ಆರನೆಯ ಒಂದು ಭಾಗ ತಾರ.)

ಆದರೆ ನನ್ನ ನಿಜವಾದ ತೊಡಕು ಬೇರೆಯದು. ಸಾಲವನ್ನು ಯಾವ ನಾಣ್ಯದಲ್ಲಿ ಇಡಬೇಕು? ಆಸ್ಪತ್ರೆಗೆ ಕಟ್ಟಿದ್ದು ರೂಪಾಯಿ. ಮಗ ದುಡಿದು ಕೊಟ್ಟದ್ದು ಡಾಲರ್. ರೂಪಾಯಿಯಲ್ಲಿಟ್ಟರೆ ತೊಂಬತ್ತು ಸಾವಿರ ತೊಂಬತ್ತು ಸಾವಿರವಾಗಿಯೇ ನಿಲ್ಲುತ್ತದೆ. ಡಾಲರಿನಲ್ಲಿಟ್ಟರೆ ನಿವೃತ್ತಿವೇತನದವನ ಮೇಲೆ ಭಾರ ಬೆಳೆಯುತ್ತದೆ. "ಮಗನ ಹತ್ತಿರ ಸಾಲವೆಂಥದ್ದು?" ಎಂದು ಪತ್ನಿ ಗದರಿದಳು. ಕೊಟ್ಟವನ ನಾಣ್ಯವೇ ಸರಿಯೆಂದು ಡಾಲರಿನಲ್ಲಿಟ್ಟೆ. 2013ರ ಆಗಸ್ಟಿನಲ್ಲಿ ಡಾಲರ್ 68 ರೂಪಾಯಿ ದಾಟಿದಾಗ ಒಂದು ರಾತ್ರಿ ನಿದ್ದೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅವನು ಯಶವಂತನಗರಕ್ಕೆ ಬಂದಾಗಲೆಲ್ಲ ಅಷ್ಟಷ್ಟು ಕೊಟ್ಟು, ಆ ದಿನದ ದರದಂತೆ ಬರೆದು, ಅರ್ಧ ತೀರಿಸಿದೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿಯನ್ನು ದಾಟಿತು. ಉಳಿದ ಸಾವಿರ ಡಾಲರಿನ ಮುಂದೆ ಪರದೆಯು ತೋರಿಸಿದ್ದು ಅದೇ ತೊಂಬತ್ತು ಸಾವಿರ.

ಇದನ್ನು ಹೇಳಿದಾಗ ಮಗ ನಗಲಿಲ್ಲ. "ರೂಪಾಯಿಗೆ ಬದಲಾಯಿಸಿಬಿಡಿ ಅಪ್ಪಾ" ಎಂದ. ಬದಲಾಯಿಸಿಲ್ಲ. ದೀಪಾವಳಿಗೆ ಬರುವನಂತೆ, ಇನ್ನೂರು ಡಾಲರಿನಷ್ಟು ತೆಗೆದಿಟ್ಟಿದ್ದೇನೆ.